ಅಲ್ಪದೂರ ಜಿಗಿತದ ರಣತಂತ್ರ: ಅಭಿಮಾನಿ ನಿರ್ಮಿತ ಬಾಹ್ಯಾಕಾಶ ಯುದ್ಧದ ಆಟಗಳ ಒಂದು ಅಧ್ಯಯನ

ಬಾಹ್ಯಾಕಾಶ ಯುದ್ಧದ ಕಂಪ್ಯೂಟರ್ ಆಟಗಳಲ್ಲಿ ಯುದ್ಧನೌಕೆಯೊಂದು ನಡುವಿನ ಅಂತರವನ್ನು ಹಾಯದೆಯೇ ರಣರಂಗದ ಒಂದು ಕಡೆ ಮಾಯವಾಗಿ ಮತ್ತೊಂದು ಕಡೆ ಕಾಣಿಸಿಕೊಳ್ಳುವ ಕ್ರಿಯೆಯನ್ನು ಈ ಲೇಖನದಲ್ಲಿ ‘ಅಲ್ಪದೂರ ಜಿಗಿತ’ ಎಂದು ಕರೆಯಲಾಗಿದೆ. ನಕ್ಷತ್ರದಿಂದ ನಕ್ಷತ್ರಕ್ಕೆ ಸಾಗುವ ದೀರ್ಘ ಜಿಗಿತ ಕಥೆಯನ್ನು ಮುಂದಕ್ಕೆ ಒಯ್ಯುವ ಸಾಧನವಾದರೆ, ಅಲ್ಪದೂರ ಜಿಗಿತವು ಕಾಳಗದ ಒಳಗೇ ನಡೆಯುವ ಚಲನೆಯಾದುದರಿಂದ ಅದಕ್ಕೆ ಬೆಲೆಯೊಂದನ್ನು ಕಟ್ಟದಿದ್ದರೆ ಆಟವೇ ಕುಸಿಯುತ್ತದೆ. ಯಾವಾಗ ಬೇಕಾದರೂ ಎಲ್ಲಿಗೆ ಬೇಕಾದರೂ ಹಾರಬಲ್ಲ ನೌಕೆಗೆ ಅಂತರ, ದಿಕ್ಕು, ರಕ್ಷಣಾ ವ್ಯೂಹ ಯಾವುದೂ ಲೆಕ್ಕಕ್ಕಿಲ್ಲ. ಆದ್ದರಿಂದ ಜಿಗಿತದ ರಣತಂತ್ರವನ್ನು ಅರಿಯಬೇಕಾದರೆ ಅದಕ್ಕೆ ವಿಧಿಸಿದ ಮಿತಿಗಳನ್ನು ಮೊದಲು ಪರಿಶೀಲಿಸಬೇಕಾಗುತ್ತದೆ. ಈ ಮಿತಿಗಳನ್ನು ಅತ್ಯಂತ ಸೂಕ್ಷ್ಮವಾಗಿ ರೂಪಿಸಿದವರು ವಾಣಿಜ್ಯ ಸಂಸ್ಥೆಗಳಿಗಿಂತ ಹೆಚ್ಚಾಗಿ ಅಭಿಮಾನಿಗಳೇ ಎಂಬುದು ಇಲ್ಲಿನ ಪ್ರತಿಪಾದನೆ.

ಮಿತಿ ಹೇರುವ ಅತ್ಯಂತ ಹಳೆಯ ವಿಧಾನ ಅನಿಶ್ಚಿತತೆ. 1962ರಲ್ಲಿ ಅಮೆರಿಕದ ಎಂ.ಐ.ಟಿ.ಯಲ್ಲಿ ಪಿ.ಡಿ.ಪಿ.-1 ಕಂಪ್ಯೂಟರಿಗಾಗಿ ರಚಿತವಾದ ‘ಸ್ಪೇಸ್‌ವಾರ್!’ ಆಟದಲ್ಲಿ ‘ಹೈಪರ್‌ಸ್ಪೇಸ್’ ಗುಂಡಿಯನ್ನು ಒತ್ತಿದ ನೌಕೆ ತೆರೆಯಿಂದ ಮರೆಯಾಗಿ, ಆಟಗಾರನ ಹಿಡಿತಕ್ಕೆ ಸಿಗದ ಯಾವುದೋ ಒಂದು ಜಾಗದಲ್ಲಿ ಹೊರಬರುತ್ತಿತ್ತು. ಬಳಸಿದಷ್ಟೂ ಅದು ಸಿಡಿದು ನಾಶವಾಗುವ ಸಂಭವ ಹೆಚ್ಚುತ್ತಿತ್ತು. 1992ರ ‘ಸ್ಟಾರ್ ಕಂಟ್ರೋಲ್ 2’ ಆಟದ ಮೂಲ ಸಂಕೇತ 2002ರಲ್ಲಿ ಮುಕ್ತವಾಗಿ ಬಿಡುಗಡೆಯಾದಾಗ ಅಭಿಮಾನಿಗಳು ಅದನ್ನು ‘ದಿ ಉರ್-ಕ್ವಾನ್ ಮಾಸ್ಟರ್ಸ್’ ಎಂಬ ಹೆಸರಿನಲ್ಲಿ ಮುಂದುವರಿಸಿದರು. ಅದರಲ್ಲಿ ಆರಿಲೌ ಎಂಬ ಜನಾಂಗದ ಪುಟ್ಟ ಸ್ಕಿಫ್ ನೌಕೆಗೆ ಇದೇ ಬಗೆಯ ಜಿಗಿತವಿದೆ. ಕೇವಲ 6 ಸಿಬ್ಬಂದಿಯ ಈ ನೌಕೆ ಎರಡು ಮೂರು ಬಲವಾದ ಹೊಡೆತಗಳನ್ನೂ ತಾಳಲಾರದು. ಎದುರಾಳಿಯ ಕ್ಷಿಪಣಿ ಹತ್ತಿರ ಬಂದೊಡನೆ ಜಿಗಿದು ಪಾರಾಗುವುದೇ ಅದರ ಮುಖ್ಯ ರಕ್ಷಣೆ. ಆದರೆ ಇಳಿಯುವ ಜಾಗವನ್ನು ಆರಿಸಲಾಗದ ಕಾರಣ ಗ್ರಹದ ಮೇಲೆಯೇ ಇಳಿದು ನಾಶವಾಗುವ ಅಪಾಯವೂ ಉಂಟು. ಹೀಗೆ ಅನಿಶ್ಚಿತ ಜಿಗಿತ ಪಲಾಯನಕ್ಕೆ ಒದಗುತ್ತದೆಯೇ ಹೊರತು ಆಕ್ರಮಣಕ್ಕೆ ಒದಗುವುದಿಲ್ಲ.

ಆಕ್ರಮಣದ ಜಿಗಿತಕ್ಕೆ ನಿಜವಾದ ಭೂಮಿಕೆ ಸಿಕ್ಕಿದ್ದು ವೊಲಿಷನ್ ಸಂಸ್ಥೆ 1999ರಲ್ಲಿ ಹೊರತಂದ ‘ಫ್ರೀಸ್ಪೇಸ್ 2’ರಲ್ಲಿ. ಅಲ್ಲಿ ನೌಕೆಗಳು ‘ಸಬ್‌ಸ್ಪೇಸ್’ ಎಂಬ, ಸಾಮಾನ್ಯ ಆಕಾಶದ ಅಡಿಯಲ್ಲಿರುವುದೆಂದು ಕಲ್ಪಿಸಿಕೊಂಡ ಮಾರ್ಗದ ಮೂಲಕ ಜಿಗಿಯುತ್ತವೆ. ಹೊರಬರುವ ನೌಕೆ ಬೆಳಕಿನ ದ್ವಾರವೊಂದರಿಂದ ಮೂತಿ ಮುಂದಾಗಿ, ಚಲನೆಯಲ್ಲಿರುವಾಗಲೇ ಕಾಣಿಸಿಕೊಳ್ಳುತ್ತದೆ. ಕಣ್ಣಿಗೆ ಸೊಗಸಾಗಿ ಕಾಣುವ ಈ ವಿವರದ ರಣತಾಂತ್ರಿಕ ಪರಿಣಾಮ ದೊಡ್ಡದು: ಜಿಗಿದು ಬಂದ ನೌಕೆಯ ಯಾವ ಆಯುಧ ಮೊದಲು ಶತ್ರುವಿನತ್ತ ತಿರುಗಿರುತ್ತದೆ ಎಂಬುದನ್ನು ಅದರ ಮುಖವೇ ನಿರ್ಧರಿಸುತ್ತದೆ. ‘ಬೇರ್‌ಬೇಟಿಂಗ್’ ಎಂಬ ಮಿಷನ್ನಿನಲ್ಲಿ ಮುಂಭಾಗದಲ್ಲಿ ನಾಲ್ಕು ಭಾರೀ ಬೀಮ್ ತೋಪುಗಳನ್ನು, ಅಂದರೆ ಶಕ್ತಿಕಿರಣದ ಫಿರಂಗಿಗಳನ್ನು, ಹೊತ್ತ ಸಥಾನಾಸ್ ಎಂಬ ದೈತ್ಯ ನೌಕೆ ಎದುರಾಗುತ್ತದೆ. ಆಟಗಾರನ ಬಾಂಬರ್ ಪಡೆ ಆ ತೋಪುಗಳನ್ನು ಮೊದಲು ಒಡೆದ ಮೇಲೆಯೇ ಮಿತ್ರಪಡೆಯ ಕೊಲೋಸಸ್ ಜಿಗಿದು ಬಂದು ಎದುರುಬದುರಾಗಿ ಹೋರಾಡುತ್ತದೆ. ಎದುರಾಳಿಯ ಮುಂಭಾಗ ಜೀವಂತವಾಗಿರುವಾಗ ಅದರ ಮುಂದೆ ಇಳಿಯುವುದು ಆತ್ಮಹತ್ಯೆ ಎಂಬ ಪಾಠ ಇಲ್ಲೇ ಇದೆಯಾದರೂ ಮೂಲ ಆಟ ಅದನ್ನು ಯುದ್ಧಸಿದ್ಧಾಂತವಾಗಿ ಬೆಳೆಸಲಿಲ್ಲ.

ಆ ಕೆಲಸವನ್ನು ಕೈಗೆತ್ತಿಕೊಂಡದ್ದು, 2002ರಲ್ಲಿ ಈ ಆಟದ ಮೂಲ ಸಂಕೇತವೂ ಬಹಿರಂಗವಾದ ಮೇಲೆ ಅಭಿಮಾನಿಗಳು ಕಟ್ಟಿದ ‘ಬ್ಲೂ ಪ್ಲಾನೆಟ್’ ಎಂಬ ಮಾಡ್, ಅಂದರೆ ಮೂಲ ಆಟದ ಎಂಜಿನ್ನಿನ ಮೇಲೆ ರಚಿಸಿದ ಹೊಸ ಕಥಾಸರಣಿ. ಅದರ ‘ವಾರ್ ಇನ್ ಹೆವನ್’ ಭಾಗದಲ್ಲಿ ಸೌರವ್ಯೂಹದ ಭೂ ಒಕ್ಕೂಟ ಮತ್ತು ಹೊರಗಿನಿಂದ ಬಂದ ಟೆರನ್-ವಾಸುಡನ್ ಮೈತ್ರಿಕೂಟಗಳ ನಡುವಿನ ಯುದ್ಧ ಚಿತ್ರಿತವಾಗಿದ್ದು, ಎರಡು ಪಡೆಗಳ ನೌಕಾರಚನೆಯೇ ಎರಡು ಬೇರೆ ಬೇರೆ ರಣಚಿಂತನೆಗಳನ್ನು ಹೇಳುತ್ತದೆ. ಕರುಣಾ, ನಾರಾಯಣ ಮುಂತಾದ ಭಾರತೀಯ ಹೆಸರುಗಳನ್ನು ಹೊತ್ತ ಒಕ್ಕೂಟದ ಫ್ರಿಗೇಟುಗಳು ದೂರದಿಂದ ಟಾರ್ಪೆಡೊ ಮತ್ತು ಫಿರಂಗಿಗಳಿಂದ ಎಡೆಬಿಡದೆ ಹೊಡೆಯುವುದಕ್ಕೆ ತಕ್ಕಂತಿವೆ. ಮೈತ್ರಿಕೂಟದ ಹೊಸ ತಲೆಮಾರಿನ ನೌಕೆಗಳಾದರೋ ಬೀಮ್ ತೋಪುಗಳನ್ನು ಮುಂಭಾಗದಲ್ಲಿ ಒತ್ತೊತ್ತಾಗಿ ಜೋಡಿಸಿಕೊಂಡಿವೆ. ಸಥಾನಾಸ್‌ನ ಎದುರು ಪಟ್ಟ ಪಾಡಿನಿಂದ ಕಲಿತ ಪಾಠ ಅವುಗಳ ವಿನ್ಯಾಸದಲ್ಲಿದೆ. ಬೀಮ್ ಒಮ್ಮೆಗೇ ಅಪಾರ ಹಾನಿ ಮಾಡಿದರೂ ಮತ್ತೆ ಶಕ್ತಿ ತುಂಬಿಕೊಳ್ಳಲು ಸಮಯ ಬೇಡುತ್ತದೆ. ‘ಶಾಕ್ ಜಂಪ್’ ಎಂಬ ಆಘಾತಜಿಗಿತ ಹುಟ್ಟುವುದು ಈ ಲೆಕ್ಕಾಚಾರದಿಂದಲೇ: ಶತ್ರುವಿನ ದುರ್ಬಲ ಪಾರ್ಶ್ವಕ್ಕೆ ಅತಿ ಸಮೀಪದಲ್ಲಿ ಇಳಿದು, ಟಾರ್ಪೆಡೊಗಳಿಗೆ ಬೇಕಾದ ದೂರವನ್ನೇ ಇಲ್ಲವಾಗಿಸಿ, ಮೊದಲ ಬೀಮ್ ಸರದಿಯನ್ನು ಪೂರ್ತಿಯಾಗಿ ಸುರಿದು, ಎದುರಾಳಿಯ ನಿರಂತರ ಗುಂಡಿನ ದಾಳಿ ಫಲ ಕೊಡುವ ಮೊದಲೇ ಮತ್ತೆ ಜಿಗಿದು ಹೊರಟುಹೋಗುವುದು. ಸಾಮಾನ್ಯ ಜಿಗಿತಯಂತ್ರ ಒಂದು ಬಾರಿ ಹಾರಿದ ಮೇಲೆ ಬಹುಕಾಲ ನಿಷ್ಕ್ರಿಯವಾಗುವುದರಿಂದ, ಬೆನ್ನುಬೆನ್ನಿಗೆ ಎರಡನೆಯ ಜಿಗಿತವನ್ನು ಕೊಡಬಲ್ಲ ‘ಸ್ಪ್ರಿಂಟ್ ಡ್ರೈವ್’ ಇಲ್ಲದೆ ಈ ತಂತ್ರ ನಿಲ್ಲದು. ಆಘಾತಜಿಗಿತದಲ್ಲಿ ಬರುವ ಜಿಗಿತಕ್ಕಿಂತ ಹೋಗುವ ಜಿಗಿತವೇ ನಿರ್ಣಾಯಕ.

ಪ್ರತಿತಂತ್ರವೂ ಅದೇ ಕೊಂಡಿಯನ್ನು ಹಿಡಿಯುತ್ತದೆ. ಫ್ರೀಸ್ಪೇಸ್‌ನ ನಿಯಮದಂತೆ ಎಂಜಿನ್ ನಾಶವಾದ ನೌಕೆ ಜಿಗಿಯಲಾರದು. ಹಾಗಾಗಿ ಬಂದಿಳಿದ ಡೆಸ್ಟ್ರಾಯರಿನ ಕವಚವನ್ನು ಸೀಳಲು ಹೊರಡುವ ಬದಲು, ಉಪವ್ಯವಸ್ಥೆಗಳನ್ನೇ ಗುರಿಯಾಗಿಸಿ ರೂಪಿಸಿದ ಸ್ಟಿಲೆಟೊದಂಥ ಕ್ಷಿಪಣಿಯಿಂದ ಅದರ ಎಂಜಿನ್ನನ್ನು ಮುರಿದರೆ, ಬೇಟೆಗಾರನಾಗಿ ಬಂದ ನೌಕೆ ಬೀಮ್ ತುಂಬಿಕೊಳ್ಳುವ ಹೊತ್ತಿಗೆ ಬಲೆಯಲ್ಲಿ ಸಿಕ್ಕಿಬಿದ್ದಿರುತ್ತದೆ. ದೊಡ್ಡ ನೌಕೆಗಳ ನಡುವಿನ ಈ ತಂತ್ರದಲ್ಲಿ ಒಂಟಿ ಫೈಟರ್ ನಡೆಸುವ ಆಟಗಾರನಿಗೆ ಅರ್ಥಪೂರ್ಣ ಪಾತ್ರ ದೊರೆಯುವುದು ಇಲ್ಲಿಯೇ, ಮತ್ತು ಈ ಮಾಡ್‌ನ ವಿನ್ಯಾಸಕಾರರ ಹಿರಿಮೆ ಇರುವುದೂ ಇಲ್ಲಿಯೇ.

ಈ ಹಂತದಲ್ಲಿ ಜಿಗಿತದ ನಿರ್ಧಾರ ಯಾರ ಕೈಯಲ್ಲಿದೆ ಎಂಬ ಪ್ರಶ್ನೆ ಏಳುತ್ತದೆ. ಆರಿಲೌ ಸ್ಕಿಫ್‌ನಲ್ಲಿ ಅದು ಆಟಗಾರನ ಬೆರಳಿನಲ್ಲಿದ್ದರೆ, ಫ್ರೀಸ್ಪೇಸ್ ಪರಂಪರೆಯಲ್ಲಿ ಬೃಹತ್ ನೌಕೆಗಳ ಜಿಗಿತವನ್ನು ಬಹುಪಾಲು ನಿರ್ಧರಿಸುವುದು ಮಿಷನ್ ರಚಿಸಿದವರು. ‘ಫ್ರೆಡ್’ ಎಂಬ ಸಂಪಾದನಾ ತಂತ್ರಾಂಶದಲ್ಲಿ ಪ್ರತಿ ನೌಕೆಗೂ ಆಗಮನದ ಷರತ್ತು, ವಿಳಂಬ, ಯಾವ ನೌಕೆಯ ಸಮೀಪ ಅಥವಾ ಮುಂದೆ, ಎಷ್ಟು ದೂರದಲ್ಲಿ ಎಂಬ ವಿವರಗಳನ್ನು ನಮೂದಿಸಬಹುದು. ಮಿತ್ರನೌಕೆಯೊಂದರ ಕವಚ ಇಂತಿಷ್ಟಕ್ಕೆ ಇಳಿದಾಗ ಶತ್ರು ಡೆಸ್ಟ್ರಾಯರ್ ಅದರ ಎದುರಿಗೇ ಇಳಿಯಲಿ ಎಂದು ಬರೆದಿಟ್ಟರೆ, ಆಟಗಾರನಿಗೆ ಅದು ಸೇನಾಪತಿಯೊಬ್ಬನ ಕುಯುಕ್ತಿಯಾಗಿ ತೋರುತ್ತದೆ. ‘ವಾರ್ ಇನ್ ಹೆವನ್’ನ ‘ಡೆಲೆಂಡಾ ಎಸ್ಟ್’ ಮಿಷನ್ನಿನಲ್ಲಿ ಮೈತ್ರಿಕೂಟದ ಕಾರ್ತೇಜ್ ನೌಕೆಯನ್ನು ಬೇಟೆಯಾಡಲು ಹೋದ ಒಕ್ಕೂಟದ ಪಡೆ ತಾನೇ ಬೋನಿಗೆ ಬೀಳುವ ಪ್ರಸಂಗದ ತೀವ್ರತೆ ಇಂಥ ಆಗಮನಗಳ ಕ್ರಮದಿಂದ ಒದಗಿದ್ದು. ಆದುದರಿಂದ ಇಲ್ಲಿನ ಆಘಾತಜಿಗಿತವನ್ನು ಆಟದ ನಿಯಮವೆಂದಷ್ಟೇ ಅಲ್ಲದೆ ಕಥನದ ಶಿಲ್ಪವೆಂದೂ ನೋಡಬೇಕಾಗುತ್ತದೆ. ಕೇವಲ ಸಮತೋಲನದ ದೃಷ್ಟಿಯಿಂದ ಇದನ್ನು ಅಳೆಯುವ ವಿಮರ್ಶೆ ಅರ್ಧ ಮಾತ್ರ ಸರಿ.

ಫ್ರೀಸ್ಪೇಸ್ 2ರ ಅದೇ ಆಟದ ಎಂಜಿನ್ನಿನ ಮೇಲೆ 2012ರಲ್ಲಿ ಬಂದ ‘ಡಯಾಸ್ಪೊರಾ’ ಆಟ ‘ಬ್ಯಾಟಲ್‌ಸ್ಟಾರ್ ಗ್ಯಾಲಕ್ಟಿಕಾ’ ಧಾರಾವಾಹಿಯ ಲೋಕವನ್ನು ಆರಿಸಿಕೊಂಡಿದ್ದರಿಂದ ಅಲ್ಲಿ ದ್ವಾರದ ಬದಲು ಕ್ಷಣಮಾತ್ರದ ಮಿಂಚಿನ ಜಿಗಿತವಿದೆ. ನೌಕೆ ನಿಧಾನವಾಗಿ ಹೊರಬರುವ ಅವಧಿ ಇಲ್ಲವಾದಾಗ ಎದುರಾಳಿಗೆ ಸಿಗುವ ಮುನ್ಸೂಚನೆಯೂ ಅಷ್ಟರಮಟ್ಟಿಗೆ ಇಲ್ಲವಾಗುತ್ತದೆ. ಆಗಮನದ ಬಗೆ ಮತ್ತು ಅವಧಿಗಳನ್ನು ಪ್ರತಿ ನೌಕೆಗೂ ಬೇರೆಯಾಗಿ ನಿಗದಿಪಡಿಸುವ ಸೌಲಭ್ಯವನ್ನು ಎಂಜಿನ್ನಿಗೆ ಸೇರಿಸಿದವರು ಸ್ವಯಂಸೇವಕ ಪ್ರೋಗ್ರಾಮರುಗಳು.

ಫ್ರೀಸ್ಪೇಸ್ ಮಿಷನ್ನುಗಳೆಲ್ಲ ಸರಳ ಪಠ್ಯದ ಫೈಲುಗಳಾಗಿರುವುದರಿಂದ ಯಾವ ನೌಕೆ ಯಾವ ಷರತ್ತಿನ ಮೇಲೆ ಎಲ್ಲಿ ಇಳಿಯುತ್ತದೆ ಎಂಬುದನ್ನು ಯಾರು ಬೇಕಾದರೂ ತೆರೆದು ಓದಬಹುದು. ಆಟಗಳ ಅಧ್ಯಯನದಲ್ಲಿ ತೊಡಗಿರುವವರು ಆಡಿದ ಅನುಭವವನ್ನಷ್ಟೇ ನೆಚ್ಚಿಕೊಳ್ಳದೆ ಈ ಫೈಲುಗಳನ್ನು ಮೂಲ ಆಕರಗಳೆಂದು ಪರಿಗಣಿಸಿ ಅಭ್ಯಾಸ ಮಾಡಬೇಕು, ಗ್ರಂಥಾಲಯಗಳೂ ಅವುಗಳನ್ನು ಸಂಗ್ರಹಿಸಿ ಕಾಪಾಡಬೇಕು.