ಒಂದು ಪದ, ಎರಡು ಪಂಕ್ತಿ



ಕ್ರೈಸ್ತರು ತಮ್ಮ ಆರಾಧನೆಯಲ್ಲಿ ರೊಟ್ಟಿ ಮತ್ತು ದ್ರಾಕ್ಷಾರಸಗಳನ್ನು ಸ್ವೀಕರಿಸುವುದನ್ನು ತಾವು ಕೇಳಿರಬಹುದು. ಕನ್ನಡ ನಾಡಿನ ಕಥೋಲಿಕರು ಇದನ್ನು ಪರಮಪ್ರಸಾದವೆಂದೂ, ಪ್ರಾಟೆಸ್ಟಂಟರು ಕರ್ತನ ಭೋಜನವೆಂದೂ ಕರೆಯುತ್ತಾರೆ. ಏಸುಕ್ರಿಸ್ತನು ಮರಣದ ಹಿಂದಿನ ರಾತ್ರಿ ರೊಟ್ಟಿಯನ್ನು ಮುರಿದು ಅದು ತನ್ನ ಶರೀರವೆಂದೂ, ಪಾತ್ರೆಯನ್ನು ಕೊಟ್ಟು ಅದು ತನ್ನ ರಕ್ತವೆಂದೂ ಶಿಷ್ಯರಿಗೆ ನುಡಿದನೆಂಬುದೇ ಇದರ ಮೂಲ. ಆ ನುಡಿಯ ಅರ್ಥವೇನು? ಈ ಪ್ರಶ್ನೆಯು ಒಂದೇ ಗುರುವಿನ ಅನುಯಾಯಿಗಳನ್ನು ಶತಮಾನಗಳ ಕಾಲ ಬೇರ್ಪಡಿಸಿತು.

ರೊಟ್ಟಿ ದ್ರಾಕ್ಷಾರಸಗಳ ತೋರಿಕೆ ಹಾಗೆಯೇ ಉಳಿದರೂ ಅವುಗಳ ಸತ್ತ್ವವು ಕ್ರಿಸ್ತನ ಶರೀರ ರಕ್ತಗಳಾಗಿ ಮಾರ್ಪಡುತ್ತದೆ ಎಂಬುದು ರೋಮ್ ಸಭೆಯ ಬೋಧೆ. 1215ರ ಲ್ಯಾಟರನ್ ಮಹಾಸಭೆಯು ಸಾರಿದ ಈ ತತ್ತ್ವವನ್ನು 1551ರಲ್ಲಿ ಟ್ರೆಂಟ್ ಮಹಾಸಭೆಯು ದೃಢಪಡಿಸಿತು. ರೋಮಿನಿಂದ ಸಿಡಿದುನಿಂತ ಜರ್ಮನಿಯ ಮಾರ್ಟಿನ್ ಲೂಥರನು ಈ ಮಾರ್ಪಾಟನ್ನು ಒಪ್ಪಲಿಲ್ಲ. ಆದರೆ ಕಾದ ಕಬ್ಬಿಣದಲ್ಲಿ ಕಬ್ಬಿಣವೂ ಬೆಂಕಿಯೂ ಕೂಡಿರುವಂತೆ ರೊಟ್ಟಿಯೊಡನೆ ಕ್ರಿಸ್ತನ ಶರೀರವೂ ನಿಜವಾಗಿ ಇದೆಯೆಂದನು. ಸ್ವಿಟ್ಜರ್‌ಲೆಂಡಿನ ಜ್ವಿಂಗ್ಲಿಯಾದರೋ, ಇಲ್ಲಿ 'ಆಗಿದೆ' ಎಂದರೆ 'ಸೂಚಿಸುತ್ತದೆ' ಎಂದೇ ಅರ್ಥ, ಸ್ವರ್ಗಕ್ಕೇರಿದ ಶರೀರವು ಎಲ್ಲ ಪೀಠಗಳ ಮೇಲೂ ಇರಲಾರದು ಎಂದನು.

1529ರಲ್ಲಿ ಸುಧಾರಕರಿಗೆ ಚಕ್ರವರ್ತಿಯ ಪಕ್ಷದಿಂದ ವಿಪತ್ತು ಸಮೀಪಿಸಿತ್ತು. ಅವರನ್ನು ಒಗ್ಗೂಡಿಸಲು ಹೆಸ್ಸೆಯ ದೊರೆ ಫಿಲಿಪ್ಪನು ಅಕ್ಟೋಬರ್ ತಿಂಗಳಲ್ಲಿ ಈರ್ವರನ್ನೂ ಮಾರ್ಬುರ್ಗ್ ಕೋಟೆಗೆ ಕರೆಸಿದನು. ಲೂಥರನು ಕ್ರಿಸ್ತನ ಆ ನುಡಿಯನ್ನು ಸೀಮೆಸುಣ್ಣದಿಂದ ಮೇಜಿನ ಮೇಲೆ ಬರೆದುಕೊಂಡೇ ವಾದಕ್ಕೆ ಕುಳಿತನು. ಹದಿನೈದು ವಿಧಿಗಳಲ್ಲಿ ಹದಿನಾಲ್ಕಕ್ಕೆ ಇಬ್ಬರೂ ಸಮ್ಮತಿಸಿದರು. ಹದಿನೈದನೆಯದರಲ್ಲಿಯೂ, ಶರೀರದ ಸಾನ್ನಿಧ್ಯವೊಂದನ್ನುಳಿದು, ಬಹುಭಾಗಕ್ಕೆ ಒಪ್ಪಿದರು. ಆ ಒಂದಕ್ಕಾಗಿ ಲೂಥರನು ಜ್ವಿಂಗ್ಲಿಯನ್ನು ಸಹೋದರನೆಂದು ಅಂಗೀಕರಿಸಲು ನಿರಾಕರಿಸಿದನು. 1531ರಲ್ಲಿ ಜ್ವಿಂಗ್ಲಿಯು ಕಾಪೆಲ್ ಯುದ್ಧದಲ್ಲಿ ಮಡಿದನು. ವಿಶ್ವಾಸಿಯು ಪವಿತ್ರಾತ್ಮನ ಶಕ್ತಿಯಿಂದ ಕ್ರಿಸ್ತನನ್ನೇ ನಿಜವಾಗಿ ಪಡೆಯುತ್ತಾನೆಂದು ಮುಂದೆ ಕ್ಯಾಲ್ವಿನನು ಮಧ್ಯಮಾರ್ಗವನ್ನು ತೋರಿದರೂ ಪಂಕ್ತಿಗಳು ಒಂದಾಗಲಿಲ್ಲ.

ಇದನ್ನು ಬರಿಯ ಶಬ್ದಕಲಹವೆಂದು ನಾವು ನಗಬಾರದು. ದೇವನ ನುಡಿಯನ್ನು ಸಡಿಲಿಸಿದರೆ ಶ್ರದ್ಧೆಯ ನೆಲೆಯೇ ಕುಸಿಯುವುದೆಂಬ ಭಯ ಲೂಥರನದು; ಪದಾರ್ಥದಲ್ಲಿಯೇ ನಿಂತ ಮನಸ್ಸು ದೇವನನ್ನು ಮರೆಯುವುದೆಂಬ ಭಯ ಜ್ವಿಂಗ್ಲಿಯದು. ಎರಡೂ ಭಕ್ತನ ಭಯಗಳೇ. ಆದರೆ ಅರ್ಥ ನಿರ್ಣಯವಾದ ಮೇಲೆಯೇ ಸಹಭೋಜನವೆಂದುದರ ಫಲವನ್ನು ನೋಡಿರಿ: ಯೂರೋಪಿನ ಲೂಥರನ್ ಮತ್ತು ರಿಫಾರ್ಮ್ಡ್ ಸಭೆಗಳು ಬಾಸೆಲ್ ಸಮೀಪದ ಲಾಯೆನ್‌ಬೆರ್ಗಿನಲ್ಲಿ ಪರಸ್ಪರರ ಪಂಕ್ತಿಗೆ ಬಾಗಿಲು ತೆರೆಯುವ ಒಡಂಬಡಿಕೆಯನ್ನು ರೂಪಿಸಿದ್ದು 1973ರಲ್ಲಿ, ಅಂದರೆ 444 ವರ್ಷಗಳ ತರುವಾಯ. ಕೂಡಿ ಉಣ್ಣಿರೆಂದು ಗುರುವು ಕೊಟ್ಟ ತುತ್ತಿಗಾಗಿಯೇ ಶಿಷ್ಯರು ಅಷ್ಟು ಕಾಲ ಬೇರೆ ಬೇರೆ ಕುಳಿತರೆಂಬುದನ್ನು ಎಲ್ಲ ಮತದವರೂ ನೆನೆಯತಕ್ಕದ್ದು.