ಬಿಡುವಿನ ವೇಳೆಯ ಚರಿತ್ರೆ: ಧಾರವಾಡ ಸೀಮೆಯ ಕಸೂತಿ

ನಮ್ಮ ದೇಶದ ನೇಕಾರರಿಗೆ ಚರಿತ್ರೆಯ ಪುಟಗಳಲ್ಲಿ ಗೌರವದ ಸ್ಥಾನವುಂಟು. ದಶಪುರವೆಂಬ ಪ್ರಾಚೀನ ನಗರದ ರೇಷ್ಮೆ ನೇಕಾರರ ಶ್ರೇಣಿಯು ತಾನು ಕಟ್ಟಿಸಿದ ಸೂರ್ಯದೇವಾಲಯದ ಜೀರ್ಣೋದ್ಧಾರವನ್ನು ಕ್ರಿ.ಶ. 473ರ ಸುಮಾರಿನಲ್ಲಿ ಪೂರೈಸಿ, ವತ್ಸಭಟ್ಟಿಯೆಂಬ ಕವಿಯಿಂದ ಸಂಸ್ಕೃತ ಪದ್ಯಗಳನ್ನು ಬರೆಯಿಸಿ ಅವನ್ನು ಶಿಲೆಯಲ್ಲಿ ಕೆತ್ತಿಸಿತು. ಕನ್ನಡ ನಾಡಿನ ಶಾಸನಗಳಲ್ಲಿಯೂ ಮಗ್ಗದೆರೆಯ ಉಲ್ಲೇಖವು ಬರುವುದರಿಂದ, ನೇಯುವವನು ಅರಸನ ಲೆಕ್ಕಕ್ಕೆ ಸಿಕ್ಕಿ, ಆ ಲೆಕ್ಕದ ಮೂಲಕ ನಮಗೂ ಪರಿಚಿತನಾದನು. ಆದರೆ ಅದೇ ನೇಕಾರನು ಮಗ್ಗದಿಂದ ಇಳಿಸಿದ ಸೀರೆಯನ್ನು ಮಡಿಲಲ್ಲಿ ಹರವಿಕೊಂಡು, ಅಡಿಗೆ ಮನೆಯ ಕೆಲಸ ತೀರಿದ ಮೇಲೆ ಪಡಸಾಲೆಯ ಬೆಳಕಿನಲ್ಲಿ ಕುಳಿತು, ಅದರ ಸೆರಗಿನ ಬಳಿ ಗೋಪುರವನ್ನೂ ತೇರನ್ನೂ ಎಳೆಯೆಣಿಸಿ ಮೂಡಿಸಿದ ಹೆಂಗಸು ತೆರಿಗೆಯನ್ನೂ ಕೊಡಲಿಲ್ಲ, ಕೂಲಿಯನ್ನೂ ಪಡೆಯಲಿಲ್ಲ. ಆದುದರಿಂದ ಯಾವ ಕಡತವೂ ಅವಳನ್ನು ನೆನೆಯಲಿಲ್ಲ. ಕಸೂತಿಯ ಚರಿತ್ರೆಯೆಂಬುದು ಮುಖ್ಯವಾಗಿ ಈ ಹೆಂಗಸಿನ ಬಿಡುವಿನ ವೇಳೆಯ ಚರಿತ್ರೆ. ನಾನೂ ಸೂಜಿಯಿಂದ ಹೊಟ್ಟೆ ಹೊರೆಯುವವಳಲ್ಲ, ದಿನದ ಕೆಲಸ ಮುಗಿದ ಮೇಲೆ ಸಂತೋಷಕ್ಕಾಗಿ ಅದನ್ನು ಹಿಡಿಯುವವಳು. ಅದರಿಂದಲೇ ಈ ಚರಿತ್ರೆಯು ನನಗೆ ಹತ್ತಿರದ್ದೆನಿಸುತ್ತದೆ.

ಧಾರವಾಡ, ಹುಬ್ಬಳ್ಳಿ, ಬೆಳಗಾವಿ, ವಿಜಾಪುರ, ಬಾಗಲಕೋಟೆಗಳನ್ನೊಳಗೊಂಡ ಸೀಮೆ ಈ ಕಲೆಯ ತವರು. ಕಪ್ಪು ಎರೆಮಣ್ಣಿನ ಈ ಬಯಲುಸೀಮೆಯಲ್ಲಿ ಹತ್ತಿಯೂ ಜೋಳವೂ ಕುಸುಬೆಯೂ ಬೆಳೆಯುತ್ತವೆ. ಕುಸುಬೆಯ ಬೀಜದಿಂದ ಎಣ್ಣೆ ದೊರೆತರೆ, ಹಿಂದಿನ ಕಾಲದಲ್ಲಿ ಅದರ ಹೂವಿನಿಂದ ರೇಷ್ಮೆಗೆ ಕೆಂಪು ದೊರೆಯುತ್ತಿದ್ದಿತು. ಇದೇ ಸೀಮೆಯ ಇಳಕಲ್ಲಿನ ಮಗ್ಗದಲ್ಲಿ ಸೀರೆಯ ಮೈ ಬೇರೆ, ಸೆರಗು ಬೇರೆ. ಮೈಯ ಹಾಸಿನ ಎಳೆಗಳಿಗೂ ಸೆರಗಿನ ರೇಷ್ಮೆಯ ಎಳೆಗಳಿಗೂ ಕೊಂಡಿ ಹಾಕಿ ಕೂಡಿಸಿದ ಮೇಲೆ ಮೂಡುವ ಕೆಂಪು ಬಿಳಿಯ ಟೋಪ್ ತೆನಿ ಸೆರಗು, ಹಣಿಗೆಯ ಹಲ್ಲಿನ ಆಕಾರವನ್ನೂ ಜೋಳದ ತೆನೆಯ ಆಕಾರವನ್ನೂ ತಾಳಿ, ದೂರದಿಂದಲೇ ಗುರುತು ಸಿಕ್ಕುವಂತಿರುತ್ತದೆ. ಗುಳೇದಗುಡ್ಡದ ಮಗ್ಗಗಳು ಕುಪ್ಪಸಕ್ಕೆ ಖಣವನ್ನು ಒದಗಿಸಿದವು. ಇಳಕಲ್ ಸೀರೆ, ಗುಳೇದಗುಡ್ಡದ ಖಣ, ಇವೆರಡೂ ಮನೆಗೆ ಬಂದ ಮೇಲೆ, ಸೆರಗಿಗೂ ಮೈಗೂ ನಡುವೆ ಉಳಿದ ಬರಿದಾದ ಜಾಗವೇ ಹೆಂಗಸಿನ ಪಾಲಿಗೆ ಬಂದ ಹೊಲ. ಅಲ್ಲಿ ಅವಳು ಸೆರಗಿನ ಅಂಚಿಗೆ ದೊಡ್ಡ ಆಕೃತಿಗಳನ್ನಿಟ್ಟು, ಮೈಯ ಕಡೆಗೆ ಸಾಗುತ್ತ ಸಾಗುತ್ತ ಅವನ್ನು ಕಿರಿದು ಮಾಡಿ, ಕೊನೆಗೆ ಚಿಕ್ಕೆಗಳಷ್ಟೇ ಉಳಿಯುವಂತೆ ಚೆಲ್ಲುತ್ತಿದ್ದಳು.

ಮದುವೆಯ ಸೀರೆಗಳಲ್ಲಿ ಚಂದ್ರಕಾಳಿಗೆ ವಿಶೇಷ ಮರ್ಯಾದೆ. ಮಂಗಳಕಾರ್ಯದಲ್ಲಿ ಕಪ್ಪನ್ನು ದೂರವಿಡುವ ಸಮಾಜವೇ ಈ ಒಂದು ಕಪ್ಪು ಸೀರೆಯನ್ನು ಮಾತ್ರ ಮನಸಾರೆ ಮೆಚ್ಚಿ ಮದುಮಗಳಿಗೆ ಉಡಿಸಿದ್ದಕ್ಕೆ, ಆ ಕಪ್ಪಿನ ಮೇಲೆ ಕೆಂಪು, ಹಳದಿ, ಹಸುರು, ಬಿಳಿಯ ರೇಷ್ಮೆಯೆಳೆಗಳಿಂದ ಅರಳುವ ಕಸೂತಿಯೂ ಒಂದು ಕಾರಣವಾಗಿರಬೇಕೆಂದು ನನ್ನ ನಂಬಿಕೆ. ಬಸುರಿಗೆ ಕುಬಸ ಮಾಡುವಾಗ ಕುಪ್ಪಸಕ್ಕೆ ಕಸೂತಿ. ಕೂಸು ಹುಟ್ಟಿದ ಮೇಲೆ ಅದರ ಕುಲಾವಿಗೂ ಬೆನ್ನು ಮುಚ್ಚುವ ಕುಂಚಿಗೂ ಕಸೂತಿ. ಹೀಗೆ ಮದುವೆ, ಸೀಮಂತ, ತೊಟ್ಟಿಲು ಎಂಬ ಮೂರು ಸಂದರ್ಭಗಳಲ್ಲಿ ತಾಯಿಯ ಮನೆಯವರು ಮಗಳಿಗೆ ಕೊಡಬಹುದಾದ ಕೊಡುಗೆಗಳಲ್ಲಿ, ಹಣದಿಂದ ಕೊಳ್ಳಲಾಗದ ಒಂದಂಶವನ್ನು ಸೂಜಿಯು ಸೇರಿಸುತ್ತಿತ್ತು. ಆ ಆಕೃತಿಗಳಾದರೂ ಎಂಥವು! ತುಳಸಿಕಟ್ಟೆ, ದೀಪದ ಕಂಬ, ಗೋಪುರ, ತೇರು, ಪಲ್ಲಕ್ಕಿ, ನಂದಿ, ಅಂಬಾರಿಯ ಆನೆ, ನವಿಲು, ಗಿಳಿ, ಹಂಸ, ತಾವರೆ, ತೊಟ್ಟಿಲು. ಹಿತ್ತಲ ತುಳಸಿಯಿಂದ ಹಿಡಿದು ಜಾತ್ರೆಯ ತೇರಿನವರೆಗೆ ಆ ಕಾಲದ ಗೃಹಿಣಿಯ ಕಣ್ಣಿಗೆ ಬಿದ್ದುದೆಲ್ಲ ಅಲ್ಲಿದೆ. ಅವಳ ಲೋಕದ ವಿಸ್ತಾರವನ್ನು ತಿಳಿಯಬೇಕಾದವರಿಗೆ ಒಂದು ಹಳೆಯ ಸೆರಗು ಸಾಕು.

ಈ ಕಲೆಯಲ್ಲಿ ಹೊಲಿಗೆಗಳು ನಾಲ್ಕು: ಗವಂತಿ, ಮುರಗಿ, ನೇಯ್ಗಿ, ಮೆಂಥಿ. ಗವಂತಿಯೆಂಬುದು ಮುಂದೆ ಹೋಗಿ ಹಿಂದಿರುಗುವ ಗೆರೆಯ ಹೊಲಿಗೆ. ಮುರಗಿ ಅದೇ ರೀತಿಯಲ್ಲಿ ಮೆಟ್ಟಿಲುಮೆಟ್ಟಿಲಾಗಿ ಏರಿಳಿಯುವುದು. ನೇಯ್ಗಿಯು ಉದ್ದಗಿಡ್ಡವಾದ ಎಳೆಗಳಿಂದ ನೆಯ್ದ ಬುಟ್ಟಾದ ಭ್ರಮೆಯನ್ನು ಹುಟ್ಟಿಸುವುದು. ಮೆಂಥಿಯು ಒಂದನ್ನೊಂದು ಹಾಯುವ ಪುಟ್ಟ ಹೊಲಿಗೆಗಳಿಂದ ಮೆಂತ್ಯದ ಕಾಳುಗಳನ್ನು ಹರಡಿದಂತೆ ಜಾಗವನ್ನು ತುಂಬುವುದು. ಬಟ್ಟೆಯ ಮೇಲೆ ಗೆರೆಯೆಳೆಯುವ ಪದ್ಧತಿಯಿಲ್ಲ. ನೆಯ್ಗೆಯ ಹಾಸು ಹೊಕ್ಕಿನ ಎಳೆಗಳೇ ಅಳತೆ. ನೇರ, ಅಡ್ಡ, ಕರ್ಣ ಎಂಬ ಮೂರು ದಿಕ್ಕುಗಳಿಗೆ ಮಾತ್ರ ಅಪ್ಪಣೆಯುಂಟಾದ್ದರಿಂದ ನವಿಲಿನ ಕೊರಳು ಕೂಡ ಕೋನಕೋನವಾಗಿಯೇ ಬಾಗಬೇಕು. ನನಗೆ ಕಲಿಸಿದ ಧಾರವಾಡದ ಹಿರಿಯರೊಬ್ಬರು, "ತಂಗಿ, ಮೊದಲ ಎಳಿ ಎಣಸು, ಆಮ್ಯಾಲ ಸೂಜಿ ಚುಚ್ಚು, ಕಣ್ಣಿಗಿಂತ ಲೆಕ್ಕನ ನಂಬು" ಎನ್ನುತ್ತಿದ್ದರು. ಒಂದೇ ಒಂದು ಎಳೆ ತಪ್ಪಿದರೂ ಆ ಕ್ಷಣದಲ್ಲಿ ಏನೂ ಕಾಣದು. ಗೋಪುರದ ಎರಡು ಪಾರ್ಶ್ವಗಳೂ ಏರಿ ಕಳಶದಲ್ಲಿ ಕೂಡಬೇಕಾದಾಗ, ಅವು ಕೂಡುವುದಿಲ್ಲ.

ಗವಂತಿಯಲ್ಲಿ ತುಳಸಿಕಟ್ಟೆಯೊಂದನ್ನು ಹಾಕುವ ಬಗೆಯನ್ನು ಸ್ವಲ್ಪ ಸಾವಧಾನವಾಗಿ ನೋಡಬೇಕು. ಎಳೆಯ ತುದಿಗೆ ಗಂಟು ಹಾಕುವಂತಿಲ್ಲ. ಒಂದಿಷ್ಟು ತುದಿಯನ್ನು ಬಿಟ್ಟು ಪೀಠದ ಮೂಲೆಯಿಂದ ಹೊರಟ ಸೂಜಿ, ಮೂರೋ ನಾಲ್ಕೋ ಎಳೆಗಳನ್ನು ಮೇಲೆ ಹಾಯ್ದು, ಅಷ್ಟನ್ನೇ ಕೆಳಗೆ ಹಾಯ್ದು, ಒಂದು ಬಿಟ್ಟು ಒಂದರಂತೆ ಗೆರೆಯನ್ನು ಮೂಡಿಸುತ್ತ ಕಟ್ಟೆಯ ಮೈಯನ್ನು ಏರುತ್ತದೆ. ದಾರಿಯಲ್ಲಿ ಕೊಂಬೆಯೊಂದು ಸಿಕ್ಕಿದರೆ ಅದರ ತುದಿಯವರೆಗೆ ಹೋಗಿ, ಬಂದ ದಾರಿಯಲ್ಲೇ ಮರಳಿ, ಮತ್ತೆ ಮುಖ್ಯಮಾರ್ಗವನ್ನು ಹಿಡಿಯುತ್ತದೆ. ಎಲ್ಲವನ್ನೂ ಸುತ್ತಿದ ಮೇಲೆ ಹಿಂದಿರುಗುವಾಗ ಮೊದಲು ಬಿಟ್ಟುಹೋದ ಸಂದುಗಳನ್ನೆಲ್ಲ ತುಂಬಿ, ಹೊರಟ ಮೂಲೆಗೇ ಬಂದು, ಆರಂಭದ ತುದಿಯನ್ನೂ ಅಂತ್ಯದ ತುದಿಯನ್ನೂ ಹೊಲಿಗೆಯ ಅಡಿಯಲ್ಲಿ ಅಡಗಿಸಿಬಿಡುತ್ತದೆ. ಆಗ ಬಟ್ಟೆಯನ್ನು ತಿರುವಿ ಹಾಕಿದರೆ ಒಳಗಿನದು ಯಾವುದು, ಹೊರಗಿನದು ಯಾವುದೆಂದು ಹೇಳುವುದು ಕಷ್ಟ. ಗೆರೆಯೊಂದರ ಮೇಲೆ ಎರಡು ಸಲ ನಡೆಯಲು ಅವಕಾಶವಿದ್ದರೆ, ಬಿಡಿಯಾಗದ ಯಾವ ಚಿತ್ರವನ್ನೇ ಆಗಲಿ ಹೊರಟಲ್ಲಿಗೇ ಮರಳುವಂತೆ ಸುತ್ತಿ ಮುಗಿಸಬಹುದೆಂಬುದು, 1736ರಲ್ಲಿ ಆಯ್ಲರ್ ಎಂಬ ಗಣಿತಜ್ಞನು ಕೋನಿಗ್ಸ್‌ಬರ್ಗ್ ನಗರದ ಏಳು ಸೇತುವೆಗಳನ್ನು ಕುರಿತು ವಿಚಾರಮಾಡಿ ತೆರೆದ ಶಾಸ್ತ್ರದಿಂದ ಸಿದ್ಧವಾಗುವ ಮಾತು. ಆ ಶಾಸ್ತ್ರದ ಹೆಸರನ್ನೇ ಕೇಳದ ನಮ್ಮ ಅಜ್ಜಿಯಂದಿರು ಅದರ ಫಲವನ್ನು ಬೆರಳಿನಲ್ಲಿ ಇಟ್ಟುಕೊಂಡಿದ್ದರು.

ಇದೇ ಹೊಲಿಗೆಯನ್ನು ಯುರೋಪಿನವರೂ ಬಲ್ಲರು. ಸುಮಾರು 1536ರಲ್ಲಿ ಹ್ಯಾನ್ಸ್ ಹೋಲ್ಬೈನ್ ಬರೆದ ರಾಣಿ ಜೇನ್ ಸೇಮರಳ ಭಾವಚಿತ್ರದಲ್ಲಿ ಅವಳ ತೋಳಿನ ತುದಿಯ ಬಿಳಿಯ ಬಟ್ಟೆಯ ಮೇಲೆ ಕಪ್ಪು ರೇಷ್ಮೆಯ ಕುಸುರಿಯನ್ನು ಸ್ಪಷ್ಟವಾಗಿ ಕಾಣಬಹುದು. ಎರಡು ಮುಖವೂ ಒಂದೇ ಆಗಿರುವ ಆ ಹೊಲಿಗೆಗೆ ಅಲ್ಲಿಯವರು ಚಿತ್ರಕಾರನ ಹೆಸರನ್ನೇ ಇಟ್ಟರು. ಹೊಲಿದವಳ ಹೆಸರು ಅಲ್ಲಿಯೂ ಉಳಿಯಲಿಲ್ಲ.

19ನೆಯ ಶತಮಾನವು ಈ ಸೀಮೆಯ ನೂಲಿನ ಲೋಕವನ್ನು ಬುಡದಿಂದ ಅಲುಗಿಸಿತು. ಅಮೆರಿಕೆಯ ಅಂತರ್ಯುದ್ಧವು 1861ರಿಂದ 1865ರವರೆಗೆ ನಡೆದು ಅಲ್ಲಿಯ ಹತ್ತಿ ಮ್ಯಾಂಚೆಸ್ಟರನ್ನು ಮುಟ್ಟದೆ ಹೋದಾಗ, ಧಾರವಾಡದ ಹತ್ತಿಗೆ ಒಮ್ಮೆಲೇ ಬೆಲೆ ಬಂದಿತು. ಅತ್ತ 1856ರಲ್ಲಿ ವಿಲಿಯಂ ಪರ್ಕಿನ್ ಎಂಬ 18 ವರ್ಷದ ತರುಣನು ಲಂಡನ್ನಿನಲ್ಲಿ ಡಾಂಬರಿನಿಂದ ನೇರಳೆ ಬಣ್ಣವನ್ನು ತೆಗೆದಂದಿನಿಂದ ಆರಂಭವಾದ ಕೃತಕವರ್ಣಗಳ ಪರಂಪರೆಯು, ಮಂಜಿಷ್ಠದ ಕೆಂಪನ್ನೂ 1897ರ ಹೊತ್ತಿಗೆ ನೀಲಿಯನ್ನೂ ಕಾರ್ಖಾನೆಯ ಸರಕಾಗಿ ಮಾಡಿತು. ಹಳೆಯ ರೇಷ್ಮೆ ಸೀರೆಯ ಎಳೆ ಬಿಚ್ಚಿ ಕಸೂತಿಗೆ ಬಳಸುತ್ತಿದ್ದ ಕೈಗಳಿಗೆ ಅಂಗಡಿಯ ಹೊಳಪಿನ ನೂಲು ಎಟುಕಿತು. ಬಣ್ಣ ಬದಲಾಯಿತು, ಎಣಿಕೆ ಬದಲಾಗಲಿಲ್ಲ.

1924ರ ಡಿಸೆಂಬರಿನಲ್ಲಿ ಬೆಳಗಾವಿಯಲ್ಲಿ ಗಾಂಧೀಜಿಯವರ ಅಧ್ಯಕ್ಷತೆಯಲ್ಲಿ ಕಾಂಗ್ರೆಸ್ ಅಧಿವೇಶನವು ಸೇರಿ, ಸದಸ್ಯರಾದವರು ತಿಂಗಳಿಗೆ 2,000 ಗಜ ನೂಲನ್ನು ಒಪ್ಪಿಸಬೇಕೆಂಬ ನಿಯಮವನ್ನು ಸ್ವೀಕರಿಸಿತು. ಈ ನಿಯಮವು ಬಹುಕಾಲ ಬಾಳಲಿಲ್ಲವಾದರೂ ಅದರ ಹಿಂದಿನ ವಿಚಾರವು ದೊಡ್ಡದು: ಮನುಷ್ಯನ ಬಿಡುವಿನ ಅರ್ಧ ಗಂಟೆಯೂ ರಾಷ್ಟ್ರದ ಸಂಪತ್ತೆಂದು, ಕೈಯ ಕೆಲಸವನ್ನು ಪಂಡಿತನೂ ವಕೀಲನೂ ಕಲಿಯಬೇಕೆಂದು ಅದು ಸಾರಿತು. ಧಾರವಾಡದ ಬಳಿಯ ಗರಗದಲ್ಲಿ ರಾಷ್ಟ್ರಧ್ವಜಕ್ಕೆ ಬೇಕಾದ ಖಾದಿಯನ್ನು ನೇಯುವ ಪರಂಪರೆಯು ಆ ವಿಚಾರದ ಫಲಗಳಲ್ಲೊಂದು. ಆದರೆ ಕಸೂತಿ ಹಾಕುವವಳು ಬಿಡುವನ್ನು ಸಾರ್ಥಕಗೊಳಿಸುವ ಪಾಠವನ್ನು ಅದಕ್ಕೂ ಮೊದಲೇ, ಯಾರ ಕರೆಯನ್ನೂ ಕಾಯದೆ, ಆಚರಿಸುತ್ತಿದ್ದಳು.

ಸ್ವಾತಂತ್ರ್ಯದ ಅನಂತರ 1952ರಲ್ಲಿ ಅಖಿಲ ಭಾರತ ಕರಕುಶಲ ಮಂಡಲಿಯು ಸ್ಥಾಪಿತವಾಗಿ, ಮಂಗಳೂರಿನಲ್ಲಿ ಹುಟ್ಟಿದ ಕಮಲಾದೇವಿ ಚಟ್ಟೋಪಾಧ್ಯಾಯರು ಅದರ ನೇತೃತ್ವವನ್ನು ವಹಿಸಿದಾಗ, ಮನೆಯೊಳಗಿನ ಇಂತಹ ಕಲೆಗಳಿಗೆ ಮಾರುಕಟ್ಟೆಯ ಬಾಗಿಲು ತೆರೆಯಿತು. ಇಂದು ಕಸೂತಿಗೆ ಭೌಗೋಳಿಕ ಸೂಚಕದ ಮಾನ್ಯತೆಯೂ ಉಂಟು. ಇದರಿಂದ ಅನೇಕ ಹೆಂಗಸರಿಗೆ ಸ್ವಂತ ಸಂಪಾದನೆ ದೊರೆತುದು ನಿಜವಾದ ಲಾಭ. ಅದನ್ನು ಕಡೆಗಣಿಸಿ ಹಳೆಯ ಕಾಲವನ್ನು ಹೊಗಳುವುದು ನ್ಯಾಯವಲ್ಲ. ಆದರೆ ತುಂಡಿಗಿಷ್ಟೆಂದು ಕೂಲಿ ನಿಶ್ಚಯವಾದಲ್ಲಿ ಸಮಯಕ್ಕೆ ಬೆಲೆ ಬೀಳುತ್ತದೆ. ಎಳೆಯೆಣಿಸಲು ಬಾರದ ನಯವಾದ ಬಟ್ಟೆಯ ಮೇಲೆ ಜಾಳಿಗೆಯ ಅರಿವೆಯನ್ನು ಹೊದಿಸಿ, ಅದರ ಕಣ್ಣುಗಳಲ್ಲಿ ಹೊಲಿದು, ಆಮೇಲೆ ಜಾಳಿಗೆಯ ಎಳೆಗಳನ್ನು ಒಂದೊಂದಾಗಿ ಎಳೆದು ತೆಗೆಯುವ ಉಪಾಯವು ಬಳಕೆಗೆ ಬಂದು ಕಸೂತಿಯನ್ನು ಹೊಸ ಬಟ್ಟೆಗಳಿಗೆ ಮುಟ್ಟಿಸಿತು. ಕಡಿಮೆ ಬೆಲೆಗೆ ಮಾರುವ ತುಂಡುಗಳ ಹಿಂಬದಿಯನ್ನು ತಿರುವಿ ನೋಡಿದರೆ ಗಂಟುಗಳು ಕಾಣಸಿಗುತ್ತವೆ. ಆ ಗಂಟುಗಳಲ್ಲಿ ಹೊಲಿದವಳ ಅಪರಾಧವಿಲ್ಲ. ಅವಳಿಗೆ ನಾವು ಕೊಟ್ಟ ಹಣದಲ್ಲಿ ಹಿಂದಿರುಗುವ ಪ್ರಯಾಣಕ್ಕೆ ವೇಳೆಯನ್ನು ಕೊಡಲಿಲ್ಲ, ಅಷ್ಟೇ.

ಇಲ್ಲಿಯೇ ಹವ್ಯಾಸಿಯ ಕರ್ತವ್ಯವು ಆರಂಭವಾಗುತ್ತದೆಂದು ನಾನು ತಿಳಿದಿದ್ದೇನೆ. ಮಾರುಕಟ್ಟೆಯು ಕೊಡಲಾರದ ಒಂದೇ ವಸ್ತು, ಅಂದರೆ ಗಡಿಯಾರದ ಹಂಗಿಲ್ಲದ ಸಮಯ, ನಮ್ಮ ಬಳಿ ಇದೆ. ಒಂದು ಸಂಜೆಗೆ ನಾಲ್ಕು ಬೆರಳಗಲದ ಕೆಲಸವೂ ಆಗದಿದ್ದರೆ ಕೇಳುವವರಾರೂ ಇಲ್ಲ. ತಪ್ಪಿದ್ದನ್ನು ಬಿಚ್ಚಿ ಪುನಃ ಎಣಿಸಿದರೆ ನಷ್ಟ ಹೊಂದುವವರಾರೂ ಇಲ್ಲ. ಈ ಕಲೆಯು ಹುಟ್ಟಿ ಬೆಳೆದುದು ಇಂಥ ಸಮಯದಲ್ಲಿಯೇ ಆದುದರಿಂದ, ಅದರ ಕಷ್ಟಸಾಧ್ಯವಾದ ಭಾಗವನ್ನು, ಗವಂತಿ ಮುರಗಿಗಳ ಎರಡು ಮುಖದ ಶುದ್ಧಿಯನ್ನು, ಉಳಿಸಿಕೊಳ್ಳಬೇಕಾದ ಹೊಣೆ ನಮ್ಮದು. ಹಳೆಯ ಸೀರೆಯೊಂದು ಮನೆಯಲ್ಲಿದ್ದರೆ ಅದನ್ನು ಕೌದಿಗೆ ಹಾಕುವ ಮೊದಲು ಅದರ ಆಕೃತಿಗಳನ್ನು ಚೌಕುಳಿಯ ಕಾಗದದ ಮೇಲೆ ಎಣಿಸಿ ಬರೆದುಕೊಳ್ಳಬೇಕು. ಯಾರು ಹಾಕಿದರು, ಯಾವ ಊರಿನಲ್ಲಿ, ಯಾರ ಮದುವೆಗೆಂಬುದನ್ನು ತಿಳಿದವರು ಬದುಕಿರುವಾಗಲೇ ಕೇಳಿ ಗುರುತಿಸಬೇಕು. ಶಾಲೆಗಳಲ್ಲಿ ರೇಖಾಗಣಿತವನ್ನು ಕಲಿಸುವಾಗ, ಹುಡುಗರು ಹುಡುಗಿಯರೆನ್ನದೆ ಎಲ್ಲ ಮಕ್ಕಳ ಕೈಗೂ ಒಂದು ಸೂಜಿಯನ್ನೂ ತುಂಡು ಬಟ್ಟೆಯನ್ನೂ ಕೊಟ್ಟರೆ, ಸಮಮಿತಿಯೆಂದರೇನೆಂಬುದು ಅವರ ಬೆರಳುಗಳಿಗೆ ಅರ್ಥವಾದೀತು. ಇದರಿಂದ ಜೀವನೋಪಾಯಕ್ಕಾಗಿ ಕಸೂತಿ ಹಾಕುವ ಹೆಂಗಸಿಗೂ ಹಿತವೇ ಉಂಟು. ಒಂದು ಗೋಪುರವನ್ನು ಎಳೆಯೆಣಿಸಿ ಹೊರಟಲ್ಲಿಗೆ ಮರಳುವಂತೆ ತಾನೇ ಹಾಕಿ ಬಲ್ಲವನು ಅವಳ ಸೀರೆಯ ಮುಂದೆ ನಿಂತು ಬೆಲೆಯಲ್ಲಿ ಚೌಕಾಸಿ ಮಾಡಲಾರನು.