ಅರ್ಥಶಾಸ್ತ್ರ ಎಂ.ಎ. (ಉಡುಪಿ ಪ್ರದೇಶ)

ಪದವಿಯ ನಂತರದ ಎರಡು ವರ್ಷ, ನಾಲ್ಕು ಸೆಮಿಸ್ಟರುಗಳ ವ್ಯಾಸಂಗ. ಕಾಪು, ಕಾರ್ಕಳವೂ ಸೇರಿ ಉಡುಪಿ ಜಿಲ್ಲೆಯು 1980ರಲ್ಲಿ ಸ್ಥಾಪನೆಯಾದ ಮಂಗಳೂರು ವಿಶ್ವವಿದ್ಯಾನಿಲಯದ ವ್ಯಾಪ್ತಿಯಲ್ಲಿದೆ. ಮಣಿಪಾಲದ ಮಾಹೆ (ಮಣಿಪಾಲ ಅಕಾಡೆಮಿ ಆಫ್ ಹೈಯರ್ ಎಜುಕೇಶನ್) 1993ರಿಂದ ಪ್ರತ್ಯೇಕ ಡೀಮ್ಡ್ ವಿಶ್ವವಿದ್ಯಾನಿಲಯ. ಸೂಕ್ಷ್ಮ ಮತ್ತು ಸಮಗ್ರ ಅರ್ಥಶಾಸ್ತ್ರ, ಸಂಖ್ಯಾಶಾಸ್ತ್ರ ಈ ವ್ಯಾಸಂಗದ ಬುನಾದಿ. ಸಾರ್ವಜನಿಕ ಹಣಕಾಸು, ಅಂತರರಾಷ್ಟ್ರೀಯ ವ್ಯಾಪಾರ, ಭಾರತದ ಆರ್ಥಿಕತೆ ಅದರ ಮೇಲೆ ನಿಲ್ಲುತ್ತವೆ. ಗಣಿತದ ತಯಾರಿ ಇಲ್ಲದೆ ಬಂದವರಿಗೆ ಅರ್ಥಮಿತಿಯೇ (ಇಕನಾಮೆಟ್ರಿಕ್ಸ್) ಕಠಿಣ. ಅದಕ್ಕೆ ಮೊದಲ ಸೆಮಿಸ್ಟರಿನಿಂದಲೇ ಅಭ್ಯಾಸ ಬೇಕು.

ಕಿರು ಸಂಶೋಧನೆಗೆ ಈ ನೆಲದಲ್ಲಿರುವಷ್ಟು ಸಮೃದ್ಧ ವಸ್ತು ಬೇರೆಡೆ ಅಪರೂಪ. ಕಾರ್ಪೊರೇಷನ್ ಬ್ಯಾಂಕ್ (1906), ಸಿಂಡಿಕೇಟ್ ಬ್ಯಾಂಕ್ (1925) ಎರಡೂ ಹುಟ್ಟಿದ್ದು ಉಡುಪಿಯಲ್ಲೇ. ಸಿಂಡಿಕೇಟಿನ ಪಿಗ್ಮಿ ಯೋಜನೆ 1928ರಿಂದ ಮನೆಬಾಗಿಲಲ್ಲೇ ದಿನದ ಪುಡಿಗಾಸು ಸಂಗ್ರಹಿಸಿತು. 2020ರಲ್ಲಿ ಕಾರ್ಪೊರೇಷನ್ ಬ್ಯಾಂಕು ಯೂನಿಯನ್ ಬ್ಯಾಂಕಿನಲ್ಲೂ ಸಿಂಡಿಕೇಟ್ ಬ್ಯಾಂಕು ಕೆನರಾ ಬ್ಯಾಂಕಿನಲ್ಲೂ ವಿಲೀನಗೊಂಡವು.